ಎಂಟನೆಯ ಕ್ಷಮಾಪತ್ರ

ಹಳೇಬೀಡು
೧೭–೧೨–೨೦೨೩, ಭಾನುವಾರ

ಚಿರಂಜೀವಿ ಸುಪಾರ್ಶ್ವನಿಗೆ ಆಶೀರ್ವಾದಗಳು.

ಕೋಪ ಇಳಿದಿದ್ದರೆ ಕೂತು ಓದು, ಇಳಿಯದಿದ್ದರೆ ನಿಂತುಕೊಂಡೇ ಓದು, ಹರಿದು ಮಾತ್ರ ಹಾಕಬೇಡ. ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದುಹೋದೆ, ಅದಕ್ಕೇ ಇಷ್ಟು ತಡ. ಮೊದಲ ಸಲ ಬರೆದದ್ದನ್ನು ನಿಮ್ಮಮ್ಮ ಓದಿ, ಇದು ಮಗನಿಗೆ ಬರೆದ ಕಾಗದವೋ ವಕೀಲರ ನೋಟೀಸೋ ಎಂದು ಕೇಳಿದಳು. ನೀನು ನನ್ನ ಫೋನ್ ಕುಕ್ಕಿ ಇಟ್ಟು ಇವತ್ತಿಗೆ ಐವತ್ತೆರಡು ದಿನ. ಅಮ್ಮನ ಫೋನ್ ಎತ್ತುತ್ತೀಯ, ಅಪ್ಪನಿಗೆ ಕೊಡಬೇಡ ಎನ್ನುತ್ತೀಯ. ಈ ಬೇಸಿಗೆಗೆ ಊರಿಗೂ ಬರುವುದಿಲ್ಲವಂತೆ. ಇಪ್ಪತ್ತೆಂಟು ವರ್ಷದ ಮಗ ಕೆನಡಾದಲ್ಲಿ ಕೂತು ಅಪ್ಪನ ಜೊತೆ ಟೂ ಬಿಟ್ಟಿದ್ದಾನೆ ಎಂದು ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಇಲ್ಲಿ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಬರೆಯುವ ಹಾಗೂ ಇಲ್ಲ, ನಿನ್ನ ಕ್ಷೇಮವನ್ನು ಟಿವಿಯಲ್ಲೇ ನೋಡುತ್ತಿದ್ದೇವಲ್ಲ. ನಿಮಗೆ ಶನಿವಾರ ಸಂಜೆ ಪಂದ್ಯವಾದರೆ ನಮಗೆ ಭಾನುವಾರದ ತಿಂಡಿ ಹಾಳು. ಕಳೆದ ವಾರ ಬೆಳಿಗ್ಗೆ ಏಳೂವರೆಗೆ, ನಿಮ್ಮಮ್ಮ ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದಾಗಲೇ, ನಿನ್ನ ಹುಬ್ಬು ಒಡೆದು ರಕ್ತ ಬಂತು. ಅವಳು ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಎಷ್ಟು ಹೊಲಿಗೆ ಹಾಕಿದರು ಎಂದು ಅವಳಿಗಾದರೂ ಸರಿಯಾಗಿ ಹೇಳು, ಸುಮ್ಮನೆ ತರಚಿದ್ದು ಎನ್ನಬೇಡ.

ಏಳು ವರ್ಷವಾಯಿತು, ನನಗೆ ನಿನ್ನ ಈ ಐಸ್ ಹಾಕಿ ಎನ್ನುವ ಉದ್ಯೋಗ ಇನ್ನೂ ತಲೆಗೆ ಹತ್ತಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಚಕ್ರದ ಸ್ಕೇಟಿನ ಮೇಲೆ ಹಾಕಿ ಆಡುತ್ತಿದ್ದವನು, ಓದಲಿಕ್ಕೆಂದು ಹೋದ ಕಡೆ ಮಂಜುಗಡ್ಡೆಯ ಮೇಲೆ ನಿಂತೆ. ಸರಿ, ಹುಡುಗು ಬುದ್ಧಿ ಎಂದುಕೊಂಡೆವು. ಸಂಬಳ ಕೊಟ್ಟು ಆಡಿಸುತ್ತಾರೆ ಎಂದೆ. ಅದಕ್ಕೂ ಸರಿ ಎಂದೆವು. ಆಮೇಲೆ ಏಳು ವರ್ಷಕ್ಕೆ ಐದು ತಂಡ. ಮೊದಲನೆಯದು ಬಾಗಿಲು ಹಾಕಿತು. ಎರಡನೆಯದರಲ್ಲಿ ಕೋಚಿನ ಕೆಲಸವೇ ಹೋಯಿತು. ಮೂರನೆಯವರು ನಿನ್ನನ್ನು ಕೊಟ್ಟು ಇನ್ನಿಬ್ಬರನ್ನು ತೆಗೆದುಕೊಂಡರು. ಇದೇನು ಆಟವೋ ದನದ ಸಂತೆಯೋ ಎಂದು ನಾನು ಕೇಳಿದ್ದಕ್ಕೆ, ಕೆಳಗಿನ ಲೀಗುಗಳಲ್ಲಿ ಅದು ಮಾಮೂಲು ಎಂದೆ. ನಾಲ್ಕನೆಯ ಊರಿನಿಂದ ಪಂದ್ಯಕ್ಕೆ ಹೋಗಲು ಹದಿನಾಲ್ಕು ಗಂಟೆ ಬಸ್ಸು. ಬಸ್ಸಿನಲ್ಲಿ ಕೂರುವುದೇ ಕೆಲಸವಾದರೆ ಅರಸೀಕೆರೆ ಡಿಪೋದಲ್ಲಿ ಕಂಡಕ್ಟರ್ ಆಗಬಹುದಿತ್ತು, ಮಧ್ಯಾಹ್ನದ ಊಟಕ್ಕಾದರೂ ಮನೆಗೆ ಬರುತ್ತಿದ್ದೆ. ಈಗಿನ ಐದನೆಯದಕ್ಕೆ ಲಂಬರ್‌ಜಾಕ್ಸ್ ಎಂದು ಹೆಸರು. ಮರ ಕಡಿಯುವವರು ಎಂದರ್ಥವಂತೆ. ಗೆಡ್ಡೆ ಕಿತ್ತರೆ ಜೀವಹಾನಿ ಎಂದು ಆಲೂಗಡ್ಡೆಯನ್ನೂ ತಿನ್ನದ ಮನೆಯ ಹುಡುಗ ಎದೆಯ ಮೇಲೆ ಕೊಡಲಿ ಬರೆಸಿಕೊಂಡು ಓಡಾಡುತ್ತಿದ್ದಾನೆ.

ಆ ಗಾಜಿನ ಕೋಣೆಯ ವಿಷಯ ನೆನಪಿಸಿಕೊಂಡರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಮೊದಲ ಎರಡು ವರ್ಷ ಪಂದ್ಯದ ಮಧ್ಯೆ ನಿನ್ನನ್ನು ಪ್ರತ್ಯೇಕವಾಗಿ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುವುದನ್ನು ನೋಡಿ, ಅದು ಏನೋ ದೊಡ್ಡ ಮರ್ಯಾದೆ ಎಂದುಕೊಂಡಿದ್ದೆವು. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಬಸದಿ ಸಮಿತಿಯ ಶ್ರೀಪಾಲ್ ಅವರು ಕೈಕುಲುಕಿ ಹೋದರು. ಕೊನೆಗೆ ಎದುರಿನ ಕಂಪ್ಯೂಟರ್ ಸೆಂಟರಿನ ಸಿಂಧು, ನಮ್ಮ ಅರ್ಜಿಗಳನ್ನೆಲ್ಲ ಟೈಪ್ ಮಾಡಿಕೊಡುವ ಹುಡುಗಿ, ಬಹಳ ಸಂಕೋಚದಿಂದ ಹೇಳಿದಳು: "ಅಂಕಲ್, ಅದು ಹೊಡೆದವರನ್ನ ಕೂರಿಸೋ ಜಾಗ." ಈ ವರ್ಷ ಅವಳೇ ಲೆಕ್ಕವನ್ನೂ ತೆಗೆದುಕೊಟ್ಟಳು. ಏಳು ವರ್ಷದಲ್ಲಿ ನೀನು ಹೊಡೆದ ಗೋಲು ನಲವತ್ತೊಂದು. ಶಿಕ್ಷೆಯ ನಿಮಿಷ ಒಂಬೈನೂರ ಹನ್ನೆರಡು. ಹದಿನೈದು ಗಂಟೆಗೂ ಹೆಚ್ಚು ಕಾಲ ನನ್ನ ಮಗ ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದಾನೆ. ಆಗ ನನಗೆ ತಿಳಿಯಿತು, ಗೋಲು ಹೊಡೆಯುವ ಫಾರ್ವರ್ಡ್ ಎನ್ನುವುದು ಹೆಸರಿಗೆ. ಚೆನ್ನಾಗಿ ಆಡುವ ಹುಡುಗರ ಮೇಲೆ ಯಾರಾದರೂ ಕೈಮಾಡಿದರೆ ಹೋಗಿ ಅವರಿಗೆ ಬಾರಿಸುವುದು ನಿನ್ನ ಕೆಲಸ, ಅದಕ್ಕೇ ನಿನಗೆ ಸಂಬಳ.

ಇಷ್ಟೆಲ್ಲ ಗೊತ್ತಾದ ಮೇಲೆ ನಾನು ಸುಮ್ಮನಿರಬೇಕಿತ್ತೇ? ಇದ್ದಿದ್ದರೆ ಒಳ್ಳೆಯದಿತ್ತು ಎಂದು ನಿಮ್ಮಮ್ಮ ಐವತ್ತೆರಡು ದಿನದಿಂದ ಹೇಳುತ್ತಿದ್ದಾಳೆ. ಸೆಪ್ಟೆಂಬರಿನಲ್ಲಿ ದಶಲಕ್ಷಣದ ಹತ್ತು ದಿನದ ವ್ರತ ಮುಗಿಯಿತು. ಕ್ಷಮಾವಣಿಯ ದಿನ ಎಂದಿನಂತೆ ನೆಂಟರು, ಗಿರಾಕಿಗಳು, ಜಗಳವಾಡಿದವರು, ಆಡದವರು ಎಲ್ಲರಿಗೂ ಕಾಗದ ಹಾಕಲು ಕೂತೆ. ತಿಳಿದೋ ತಿಳಿಯದೆಯೋ ನಮ್ಮಿಂದ ನೋವಾಗಿದ್ದರೆ ಕ್ಷಮಿಸಿ ಎಂದು ಅಚ್ಚು ಹಾಕಿಸಿದ್ದು, ನಿನಗೂ ಪ್ರತಿ ವರ್ಷ ಬರುತ್ತದಲ್ಲ, ಅದೇ. ಬರೆಯುತ್ತಾ ಬರೆಯುತ್ತಾ, ನಿನ್ನ ಕೈಯಲ್ಲಿ ಏಟು ತಿಂದವರಿಗೆ ಯಾರು ಬರೆಯುತ್ತಾರೆ ಎನ್ನಿಸಿತು. ಹೋದ ಸೀಸನ್ನಿನಲ್ಲಿ ನಾನು ಕಣ್ಣಾರೆ ಕಂಡದ್ದು ಏಳು ಜನ. ಏಳು ಜನಕ್ಕೂ ಕನ್ನಡದಲ್ಲಿ ಬರೆದೆ, ಸಿಂಧು ಇಂಗ್ಲಿಷಿಗೆ ತಿರುಗಿಸಿದಳು, ಅವರವರ ತಂಡದ ಆಫೀಸಿನ ವಿಳಾಸಕ್ಕೆ ಏರ್‌ಮೇಲಿನಲ್ಲಿ ಹಾಕಿದೆ. ಇಂಥ ತಾರೀಖು ನನ್ನ ಮಗ ನಿಮ್ಮ ದವಡೆಗೆ ಗುದ್ದಿದ್ದನ್ನು ನೋಡಿ ನಾವು ಆ ದಿನ ಊಟ ಮಾಡಲಿಲ್ಲ, ನಮ್ಮ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಿದವರಲ್ಲ, ಅವನ ಪರವಾಗಿ ಕ್ಷಮಿಸಿ ಎಂದು ಬರೆದಿದ್ದೆ. ಅದರಲ್ಲಿ ಮಾನ ಹೋಗುವಂಥದ್ದು ಏನಿತ್ತು ಹೇಳು.

ಅವರಲ್ಲೊಬ್ಬ, ಬ್ರೆಂಟ್ ಎನ್ನುವವನು, ಅದನ್ನು ತಂಡದವರಿಗೆ ತೋರಿಸುವುದು, ಅವರು ಇಂಟರ್‌ನೆಟ್ಟಿಗೆ ಹಾಕುವುದು, ಇದೆಲ್ಲ ನಾನು ಕನಸಿನಲ್ಲೂ ಎಣಿಸಿದ್ದಲ್ಲ. ಆ ಭಾನುವಾರ ಟಿವಿಯಲ್ಲಿ ನೋಡಿದರೆ ಎದುರು ತಂಡದ ಅಭಿಮಾನಿಗಳು ಸಾಲಾಗಿ ಬೋರ್ಡು ಹಿಡಿದು ನಿಂತಿದ್ದಾರೆ. ಏನು ಬರೆದಿದೆ ಎಂದು ಸಿಂಧುವನ್ನು ಕೇಳಿದೆ. ನಿನ್ನನ್ನು ಕ್ಷಮಿಸಿದ್ದೇವೆ ಎಂದು ಬರೆದಿದೆ ಎಂದಳು. ನಾನು ಎಂಥ ಪೆದ್ದ ನೋಡು, ಕಣ್ಣಲ್ಲಿ ನೀರು ಬಂತು. ಎಷ್ಟು ಒಳ್ಳೆಯ ಜನ, ಇಡೀ ಊರೇ ಕ್ಷಮಿಸಿದೆಯಲ್ಲ ಎಂದು ನಿಮ್ಮಮ್ಮನನ್ನು ಕರೆದು ತೋರಿಸಿದೆ. ನೀನು ಗುಮ್ಮೆಂದು ಬೆಂಚಿನ ಮೇಲೆ ಕೂತಿದ್ದೆ. ಆ ಬೋರ್ಡುಗಳು ಗೇಲಿಗೆ ಹಿಡಿದವು ಎನ್ನುವುದು, ಅಪ್ಪನ ಕೈಯಲ್ಲಿ ಸಾರಿ ಹೇಳಿಸುವವನಿಗೆ ಯಾರು ಹೆದರುತ್ತಾರೆ ಎಂದು ಕೋಚ್ ನಿನ್ನನ್ನು ಆರು ಪಂದ್ಯ ಹೊರಗಿಟ್ಟಿದ್ದು, ಮುಂದಿನ ವರ್ಷದ ಕರಾರಿನ ಮಾತೇ ನಿಂತುಹೋದದ್ದು, ಇವೆಲ್ಲ ನೀನು ಫೋನಿನಲ್ಲಿ ಕೂಗಾಡಿದಾಗಲೇ ನನಗೆ ಗೊತ್ತಾಗಿದ್ದು. "ನನ್ನ ಪರವಾಗಿ ಕ್ಷಮೆ ಕೇಳೋಕೆ ನಿಂಗೇನಪ್ಪಾ ಹಕ್ಕು?" ಎಂದೆ. ನೀನು ಫೋನ್ ಇಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಹತ್ತು ದಿನದ ಹಿಂದೆ ಬ್ರೆಂಟ್‌ನಿಂದ ಕಾಗದ ಬಂದಿದೆ. ಏಳು ಜನರಲ್ಲಿ ಉತ್ತರ ಬರೆದವನು ಅವನೊಬ್ಬನೇ. ಎರಡು ಹಾಳೆ, ಕೈಬರಹ, ಕೋಳಿ ಕೆದಕಿದ ಹಾಗಿದೆ, ಸಿಂಧುವೇ ಕಷ್ಟಪಟ್ಟು ಓದಿದಳು. ನನ್ನ ಕಾಗದವನ್ನು ಇಂಟರ್‌ನೆಟ್ಟಿಗೆ ಹಾಕಿದ್ದು ತಂಡದ ಆಫೀಸಿನವರಂತೆ, ಈಗ ಹೇಳಿ ತೆಗೆಸಿದ್ದಾನಂತೆ. ನಿಮ್ಮ ಮಗ ಹೊಡೆದದ್ದು ನ್ಯಾಯವಾಗಿಯೇ ಹೊಡೆದ, ಅದು ಅವನ ಕೆಲಸ, ನನ್ನದೂ ಅದೇ ಕೆಲಸ ಎಂದು ಬರೆದಿದ್ದಾನೆ. ಅವನ ತಾಯಿ ನನ್ನ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳಂತೆ. ನಿನ್ನ ಕೋಚಿಗೂ ಅವನೇ ಫೋನ್ ಮಾಡಿ, ಈ ಹುಡುಗನಿಗೆ ನಾನು ಈಗಲೂ ಹೆದರುತ್ತೇನೆ ಎಂದು ಹೇಳಿದನಂತೆ. ಆರು ಪಂದ್ಯದ ಮೇಲೆ ನಿನ್ನನ್ನು ಮತ್ತೆ ಆಡಿಸಿದ್ದು ಅದಕ್ಕೇ ಇರಬಹುದು. ಏಟು ತಿಂದವನಿಗೆ ಇರುವಷ್ಟು ತಾಳ್ಮೆ ಹೊಡೆದವನಿಗೆ ಇಲ್ಲವಲ್ಲ ಎಂದು ನಿಮ್ಮಮ್ಮನಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಮನೆಯ ಕಡೆ ಎಲ್ಲ ಸರಿಯಾಗಿದೆ. ಪಾತ್ರೆ ವ್ಯಾಪಾರ ಮದುವೆ ಸೀಸನ್ನಿಗೆ ಚುರುಕಾಗಿದೆ. ಕ್ಷಮಾವಣಿಯ ದಿನ ಅರಸೀಕೆರೆಯಿಂದ ನಿನ್ನ ಇಂದುಧರ ಮಾಮ ಬಂದಿದ್ದ. ಬಂದವನೇ, ಹದಿನಾರನೆಯ ಸಲ, ನಿಮ್ಮಮ್ಮನ ಮುಂದೆ ಕೈಮುಗಿದು, ಅಕ್ಕಾ, ಆ ಹುಡುಗನಿಗೆ ಚಕ್ರದ ಸ್ಕೇಟು ತಂದುಕೊಟ್ಟು ಅವನ ಕಿವಿ ಹಾಳು ಮಾಡಿದೆ, ಕ್ಷಮಿಸು ಎಂದ. ಸ್ಕೇಟನ್ನೇ ಕೆರೆಗೆ ಎಸೆದು ಬಂದವಳು ಇವಳು, ಇವಳಿಗೆ ಇನ್ನೂ ಸಿಟ್ಟು ಪೂರ್ತಿ ಹೋಗಿಲ್ಲ. ಆದರೂ ಪ್ರತಿ ವರ್ಷದಂತೆ ಹೋಗಲಿ ಬಿಡೋ ಎಂದು ಊಟಕ್ಕೆ ಬಡಿಸಿದಳು. ಅವನ ಮಂಡಿನೋವು ಹೆಚ್ಚಾಗಿದೆ, ಬಸ್ಸು ಹತ್ತಲು ಕಷ್ಟಪಡುತ್ತಾನೆ, ಆದರೂ ಬರುವುದು ಬಿಡುವುದಿಲ್ಲ.

ಏಪ್ರಿಲಿನಲ್ಲಿ ಆಟ ಮುಗಿದ ಮೇಲೆ ಬಂದು ಹದಿನೈದು ದಿನ ಇದ್ದು ಹೋಗು. ನನ್ನ ಜೊತೆ ಮಾತಾಡದಿದ್ದರೆ ಬೇಡ, ಅಮ್ಮನ ಜೊತೆ ಮಾತಾಡು, ನಾನು ಅಂಗಡಿಯಲ್ಲಿರುತ್ತೇನೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿ ಕಟ್ಟಿಕೋ, ಸಡಿಲ ಬಿಟ್ಟುಕೊಂಡು ಆಡುವುದು ಟಿವಿಯಲ್ಲಿ ಕಾಣುತ್ತದೆ. ಹೊತ್ತು ಮುಳುಗುವ ಮುಂಚೆ ಊಟ ಮಾಡು ಎಂದು ಹೇಳಲಾರೆ, ಹೊತ್ತಿಗಾದರೂ ಮಾಡು. ಭಗವಂತ ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ, ಹೊಡೆಯುವ ಅಗತ್ಯವೇ ಬಾರದ ಹಾಗೆ ನೋಡಿಕೊಳ್ಳಲಿ.

ನಿನ್ನ ತಂದೆ,
ಅಜಿತಪ್ರಸಾದ

ಮರೆತಿದ್ದು: ೧೮–೧೨, ಸೋಮವಾರ. ಅಂಚೆ ಕಚೇರಿಯಿಂದ.

ಮೇಲಿನದನ್ನು ನಿಮ್ಮಮ್ಮ ಓದಿದ್ದಾಳೆ. ಇದನ್ನು ಓದಿಲ್ಲ. ಮರೆತಿದ್ದು ಎಂದು ಬರೆದದ್ದು ರೂಢಿಗೆ, ಇದರಲ್ಲಿ ನಾನು ಮರೆತದ್ದು ಯಾವುದೂ ಇಲ್ಲ.

ಬ್ರೆಂಟನ ಎರಡನೆಯ ಹಾಳೆಯನ್ನು ನಾನು ಮನೆಯಲ್ಲಿ ತೋರಿಸಲಿಲ್ಲ. ನಿನಗೆ ಎಡಗಿವಿ ಕೇಳಿಸುವುದಿಲ್ಲವೆಂದು ಅಲ್ಲಿ ಎಲ್ಲರಿಗೂ ಗೊತ್ತಂತೆ. ಗೊತ್ತಿದ್ದೇ ಅವನು ಫೆಬ್ರವರಿಯಲ್ಲಿ ಎಡಗಡೆಯಿಂದ ಬಂದು ಗುದ್ದಿದನಂತೆ, ಆದ್ದರಿಂದ ಕ್ಷಮೆ ಕೇಳಬೇಕಾದವನು ತಾನು ಎಂದಿದ್ದಾನೆ. ಅವನ ಮಗಳಿಗೂ ಕಿವಿಯ ತೊಂದರೆಯಂತೆ. ಚಿಕ್ಕವನಿದ್ದಾಗ ಸ್ಕೇಟಿನಿಂದ ಬಿದ್ದೆ ಎಂದು ನಿಮ್ಮ ಮಗ ಹೇಳುತ್ತಾನೆ, ಬಿದ್ದರೆ ಒಂದೇ ಕಿವಿ ಇಷ್ಟು ಹಾಳಾಗುತ್ತದೆಯೇ ಎಂದು ನನ್ನನ್ನು ಕೇಳಿದ್ದಾನೆ. ಇಷ್ಟು ವರ್ಷವಾದರೂ, ಅಷ್ಟು ದೂರದ ಊರಿನಲ್ಲೂ, ನೀನು ಬಿದ್ದೆ ಎಂದೇ ಹೇಳುತ್ತಿದ್ದೀಯ.

ಆ ದಿನ ಫೋನಿನಲ್ಲಿ ನೀನು ಇನ್ನೊಂದು ಮಾತು ಹೇಳಿದೆ. ಅದನ್ನು ನಿಮ್ಮಮ್ಮನಿಗೆ ಹೇಳಲಿಲ್ಲ. "ಕೇಳೋದಿದ್ರೆ ನೀನು ಮಾಡಿದ್ದಕ್ಕೆ ಕೇಳು" ಎಂದೆ. ನಮ್ಮ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಿಲ್ಲ ಎಂದು ನಾನು ಬರೆದದ್ದನ್ನು ಓದಿದಾಗ ನಿನಗೆ ಹೇಗಾಗಿರಬೇಡ.

ದಶಲಕ್ಷಣದ ಮೊದಲನೆಯ ದಿನ. ಹತ್ತು ಧರ್ಮಗಳಲ್ಲಿ ಮೊದಲನೆಯದಾದ ಕ್ಷಮೆಯ ದಿನವೇ ಅದು. ನಿನಗೆ ಹನ್ನೆರಡು. ಬಸದಿಯ ಮುಂದೆ ನೀನು ಸ್ಕೇಟಿನ ಮೇಲೆ ಬಂದು ಅಭಿಷೇಕದ ಹಾಲಿನ ಬಿಂದಿಗೆಗೆ ಬಡಿದೆ, ಹಾಲು ಚೆಲ್ಲಿತು, ಶ್ರೀಪಾಲ್ ಅವರು ಹತ್ತು ಜನರ ಮುಂದೆ ನನಗೆ ಒಂದು ಮಾತಂದರು. ನಿನ್ನ ಕೈ ಹಿಡಿದು ಅಂಗಡಿಗೆ ಎಳೆದುಕೊಂಡು ಬಂದೆ. ಷಟರ್ ಅರ್ಧ ಇಳಿಸಿದೆ. ಹಿಂದಿನ ಕೋಣೆಯಲ್ಲಿ ಎಡಗೆನ್ನೆಗೆ ಹೊಡೆದೆ. ನೀನು ಹೋಗಿ ಪಾತ್ರೆ ಜೋಡಿಸಿದ ಅಟ್ಟಣಿಗೆಗೆ ತಗುಲಿ ಒಂದು ಸ್ಟೀಲ್ ಕೊಳಗ ಬಿದ್ದು ಉರುಳಿತು. ಅದು ನಿಂತ ಮೇಲೆ ನೀನು, "ಅಪ್ಪಾ, ಸದ್ದು ಯಾಕೆ ನಿಲ್ತಿಲ್ಲ?" ಎಂದು ಕೇಳಿದೆ. ನಾಟಕ ಆಡಬೇಡ ಎಂದೆ ನಾನು.

ನಾಲ್ಕನೆಯ ದಿನ ಕಿವಿ ಸೋರಿತು. ಹಾಸನದ ಡಾಕ್ಟರು ಏನಾಯಿತೆಂದು ಕೇಳಿದಾಗ ನೀನು ಒಂದು ಸಲ ನನ್ನ ಮುಖ ನೋಡಿ, ಸ್ಕೇಟಿಂಗ್ ಮಾಡುವಾಗ ಬಿದ್ದೆ ಎಂದೆ. ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ ಕೂಡ, ಈ ಸ್ಕೇಟಿನಿಂದ ಹುಡುಗರು ಹೇಗೆ ಹಾಳಾಗುತ್ತಾರೆಂದು ಡಾಕ್ಟರಿಗೆ ಐದು ನಿಮಿಷ ಹೇಳಿದೆ. ನೀನು ಕೇಳುತ್ತಾ ಕೂತಿದ್ದೆ. ಆಮೇಲೆ ನಿಮ್ಮಮ್ಮ ಸ್ಕೇಟು ಕೆರೆಗೆ ಎಸೆದಳು, ಇಂದುಧರ ಕೈಮುಗಿಯಲು ಶುರುಮಾಡಿದ, ನಾನು ಪಕ್ಕದಲ್ಲಿ ಕೂತು ಊಟ ಮಾಡಿದೆ.

ಪ್ರತಿ ವರ್ಷ ನಿನಗೂ ಆ ಅಚ್ಚಿನ ಕಾಗದ ಕಳಿಸಿದೆ, ತಿಳಿದೋ ತಿಳಿಯದೆಯೋ ಎಂದು. ಅದು ಸುಳ್ಳು. ತಿಳಿದೇ ಹೊಡೆದೆ, ತಿಳಿದೇ ಸುಮ್ಮನಿದ್ದೆ. ಕ್ಷಮಿಸು ಎಂದು ಕೇಳುತ್ತಿದ್ದೇನೆ. ಕ್ಷಮಿಸಲೇಬೇಕೆಂದಿಲ್ಲ. ಬ್ರೆಂಟ್‌ಗೂ ನಿಜ ಬರೆಯುತ್ತೇನೆ, ಮಗಳ ಕಿವಿಯ ಚಿಂತೆಯಲ್ಲಿ ಕೇಳಿದವನಿಗೆ ಸುಳ್ಳು ಹೇಳಬಾರದು.

"ಬೇಗ ಕೊಡಿ ಸಾಮಿ, ಚೀಲ ಕಟ್ಬೇಕು, ಬಸ್ಸು ಬತ್ತೈತೆ" ಎಂದು ಪೋಸ್ಟ್‌ಮ್ಯಾನ್ ಗಿಡ್ಡಯ್ಯ ಎರಡು ಸಲ ಹೇಳಿದ. ಇದನ್ನು ಅವನ ಕೈಗೆ ಕೊಟ್ಟು ನೇರ ಮನೆಗೆ ಹೋಗುತ್ತೇನೆ, ನಿಮ್ಮಮ್ಮನಿಗೆ ಹೇಳುತ್ತೇನೆ. ಅಲ್ಲಿಂದ ಅರಸೀಕೆರೆ ಬಸ್ಸು ಹತ್ತುತ್ತೇನೆ. ಇಂದುಧರ ಹದಿನಾರು ಸಲ ಕೇಳಿದ್ದಾನೆ. ನನ್ನದು ಇದು ಮೊದಲನೆಯದು.