ಮುಂಬೈಯಿಂದ ಲಂಡನ್ನಿಗೆ ನಿನ್ನ ಐದು ತಾಸು

ಕೂಡಿದ ಮಹಾಜನರೇ, ಚಾಪೆ ಹಾಸಿ ಮುಂದೆ ಕೂತ ತಾಯಂದಿರೇ, ಹಿಂದೆ ನಿಂತು ಸೀಟಿ ಹೊಡೆಯುವ ಪುಂಡರೇ, ಸುಮ್ಮನಿರಿ! ಇದು ತೀರಿಕೊಂಡ ಗೆಳೆಯನಿಗೆ ಬರೆದ ಪತ್ರ. ನೀವು ಕೇಳಿಸಿಕೊಂಡರೆ ಅಡ್ಡಿಯಿಲ್ಲ, ನಡುವೆ ಮಾತ್ರ ಬಾಯಿ ಹಾಕಬೇಡಿ.

ದೋಸ್ತ ಮಲ್ಲಣ್ಣಾ,

ಲಂಡನ್ನಿನ ಕನ್ನಡದವರು ಬೇಸಿಗೆಯ ನಾಟಕಕ್ಕೆ ಒಬ್ಬ ನಟನನ್ನು ಕೇಳಿದಾಗ ನಮ್ಮ ಕಂಪನಿ ಮಾಲೀಕರು ನಿನ್ನ ಹೆಸರು ಹೇಳಿದ್ದು ನೆನಪಿದೆಯೇ? ರಂಗದ ಮೇಲೆ ಯಾವಾಗಲೂ ನೀನು ರಾಜ, ನಾನು ಸೇನಾಪತಿ. ಆದರೆ ಮೈಕು ಕೆಟ್ಟರೆ ಕೊನೆಯ ಸಾಲಿಗೆ ಮುಟ್ಟುತ್ತಿದ್ದದ್ದು ಯಾರ ಕಂಠ? ನನ್ನದು! ಆದರೂ ವಿಮಾನ ಹತ್ತಿದ್ದು ನೀನು. ನಾನು ನಿನ್ನ ಟ್ರಂಕನ್ನು ಬಸ್ಸಿಗೆ ಏರಿಸಿ, ಕೈ ಬೀಸಿ... ಹೋಗಲಿ ಬಿಡು.

ನೀನು ನಮ್ಮ ಸಿಂದಗಿಗೆ ಮರಳಿದ ಸಂಜೆ ಬಸ್ ಸ್ಟ್ಯಾಂಡಿನ ರಾಜೇಸಾಬನ ಚಹಾದಂಗಡಿ ತುಂಬಿತ್ತು. "ಮಧ್ಯಾಹ್ನ ಎರಡಕ್ಕ ಮುಂಬೈ ಬಿಟ್ವಿ. ಲಂಡನ್ನಿನ್ಯಾಗ ಇಳದು ಗಡಿಯಾರ ನೋಡಿದ್ರ ಸಂಜಿ ಏಳು. ಐದ ತಾಸು! ಲೇ, ನೀ ಬಸ್ಸಿನ್ಯಾಗ ಹುಬ್ಬಳ್ಳಿ ಮುಟ್ಟೂದ್ರಾಗ ನಾ ಸಮುದ್ರ ದಾಟೇನಿ," ಎಂದು ನನ್ನ ಹೆಗಲು ತಟ್ಟಿದೆ. ಮಂದಿ ನಕ್ಕರು. ಆಮೇಲೆ ನಾಟಕಕ್ಕೆ ಹೋದ ಊರೂರಲ್ಲೂ, ಇಂಡಿಯಲ್ಲಿ ಅದೇ ಮಾತು, ಮುದ್ದೇಬಿಹಾಳದಲ್ಲಿ ಅದೇ, ಬಾಗೇವಾಡಿಯಲ್ಲಿ ಅದೇ. ಬಣ್ಣ ಹಚ್ಚಿಕೊಳ್ಳುವಾಗಲೂ ಐದು ತಾಸು! ನನ್ನ ಹೊಟ್ಟೆಯ ಉರಿಯಲ್ಲಿ ಊರಿಗೆಲ್ಲ ರೊಟ್ಟಿ ಬೇಯಿಸಬಹುದಿತ್ತು.

ನಿನ್ನೆ ಅದೇ ಅಂಗಡಿಯಲ್ಲಿ ನಿನ್ನ ಐದು ತಾಸಿನ ಮಾತು ಬಂದಾಗ ಕಂಡಕ್ಟರ್ ಗುರಪ್ಪ ಮೊಬೈಲ್ ತೆಗೆದ. "ನೋಡ್ರಿ ಕಾಕಾ, ಏಳು ಸಾವಿರ ಕಿಲೋಮೀಟರಿಗೂ ಹೆಚ್ಚ ಐತಿ, ಒಂಬತ್ತೂವರಿ ತಾಸು ಹಾರಬೇಕಂತ. ನಿಮ್ಮ ದೋಸ್ತ ರಾಕೆಟ್ ಹತ್ತಿದ್ರೇನು?"

"ಅಂವ ಹೋಗೇ ಇಲ್ಲ ತಗೋರಿ. ಮುಂಬೈದಾಗ ಬೀಗರ ಮನ್ಯಾಗ ಉಂಡು ಮಲಗಿ ಬಂದಾನ," ಎಂದ ರಾಜೇಸಾಬ.

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಹಾ, ಎಂಥ ರುಚಿ ಆ ನಗೆಗೆ! ಆದರೆ ಸಂಜೆಯೊಳಗೆ ಮಾತು ನಿನ್ನ ಹೆಂಡತಿ ಗೌರಕ್ಕನ ಕಿವಿಗೆ ಬಿತ್ತು. ನಮ್ಮ ಬಾಗಿಲಿಗೆ ಬಂದು, "ಯಣ್ಣಾ, ಖರೇ ಹೇಳ್ರಿ. ಅವರು ನನಗೂ ಸುಳ್ಳ ಹೇಳಿದ್ರೇನು?" ಎಂದಳು. ನನಗೂ ಗೊತ್ತಿರಲಿಲ್ಲ.

ಇಂದು ಮಧ್ಯಾಹ್ನ ಮೂರೂವರೆಗೆ ಟೀವಿಯಲ್ಲಿ ಲಂಡನ್ನಿನ ಕ್ರಿಕೆಟ್ ಹಚ್ಚಿದೆ. ಅಲ್ಲೀಗ ಮುಂಜಾನೆ ಹನ್ನೊಂದು ಎಂದರು. ಎಷ್ಟು ವರ್ಷ ನೋಡಿದ್ದೇನೆ, ತಲೆಗೆ ಹೋಗಿರಲಿಲ್ಲ. ಎದ್ದು ಕೂತೆ! ಎಲೋ ಹುಚ್ಚಾ, ಅಲ್ಲಿಯ ಗಡಿಯಾರ ನಾಲ್ಕೂವರೆ ತಾಸು ಹಿಂದೆ. ನೀನು ಅಲ್ಲಿಯ ಏಳರಲ್ಲಿ ಇಲ್ಲಿಯ ಎರಡನ್ನು ಕಳೆದುಬಿಟ್ಟೆ! ನಿನ್ನ ಐದಕ್ಕೆ ಆ ನಾಲ್ಕೂವರೆ ಕೂಡಿಸಿದರೆ ಗುರಪ್ಪನ ಒಂಬತ್ತೂವರೆ. ಅಲ್ಲಿ ಇಳಿದು ಗಡಿಯಾರ ನೋಡಿದವನಲ್ಲದೆ ಇಂಥ ತಪ್ಪು ಯಾರು ಮಾಡಿಯಾರು?

ಇದು ನನಗೇ ಹೊಳೆಯಬೇಕಿತ್ತೇ? ಬಾಯಿ ಮುಚ್ಚಿದರೆ ನೀನು ಸುಳ್ಳುಗಾರ. ಬಾಯಿ ತೆರೆದರೆ ನಿನ್ನ ಪ್ರಯಾಣ ಇನ್ನೂ ದೊಡ್ಡದು. ತೀರಿಹೋದ ಮೇಲೂ ಚಪ್ಪಾಳೆ ನಿನಗೇ, ಅದನ್ನು ಗಿಟ್ಟಿಸಿ ಕೊಡುವವನು ಮಾತ್ರ...

ನಾಳೆ ಮುಂಜಾನೆ ಎದ್ದ ಕೂಡಲೇ ಗೌರಕ್ಕನಿಗೆ ಹೇಳಿ, ಅವಳನ್ನೂ ಕರೆದುಕೊಂಡು ರಾಜೇಸಾಬನ ಅಂಗಡಿಗೆ ಹೋಗುತ್ತೇನೆ. ಬೆಂಚು ಹತ್ತಿ, ಬಸ್ ಸ್ಟ್ಯಾಂಡ್ ನಡುಗುವಂತೆ, ಹೊಟ್ಟೆ ಉರಿಯುತ್ತಲೇ ಕೂಗುತ್ತೇನೆ: "ಹೋಗಿದ್ದ! ಮಲ್ಲಣ್ಣ ಖರೇನ ಹೋಗಿದ್ದ! ಐದಲ್ಲ, ಒಂಬತ್ತೂವರಿ ತಾಸು!"