ಬಿಚ್ಚಬಹುದಾದ ಅಂಟು

ಮಾರ್ಚ್ ೧೧, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನೀನು ಕಳಿಸಿದ ಜೆಲಾಟಿನ್ ಡಬ್ಬಿ ಬಂದು ತಿಂಗಳಾಗುತ್ತ ಬಂತು. ತಲುಪಿತು ಎಂದು ಒಂದು ಸಾಲೂ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಯಾವುದನ್ನು ಮೊದಲು ಹೇಳಲಿ ಎಂದು ತೋಚದೆ ಎದ್ದುಬಿಡುತ್ತಿದ್ದೆ.

ನನ್ನ ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ಗೊಣಗುತ್ತದೆ. ಆದರೆ ನಿಮ್ಮಪ್ಪನ ಬೆರಳುಗಳು ಚಳಿಗಾಲದಿಂದ ಬಿಗಿದುಕೊಂಡಿವೆ. ಪಿಟೀಲಿನ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಕೆತ್ತುವ ಸಣ್ಣ ಚಾಕು ಕೈಯಲ್ಲಿ ನಿಲ್ಲುವುದಿಲ್ಲ. ಡಾಕ್ಟರಮ್ಮನಿಗೆ ಡಬ್ಬಿ ತೋರಿಸಿದೆ. "ಇದೂ ಒಂಥರಾ ಪ್ರೋಟೀನೇ, ಕುಡೀಲಿ ಬಿಡಿ. ಕೆಲವರಿಗೆ ಹಿತ ಅನ್ಸುತ್ತೆ. ಆದ್ರೆ ಬೆರಳು ಸಡಿಲ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ" ಎಂದರು.

ಮೊದಲ ದಿನ ಪುಡಿಯನ್ನು ನೇರವಾಗಿ ಬಿಸಿ ಚಹಾಕ್ಕೆ ಸುರಿದೆ. ಹೊರಗೆ ಲೋಳೆ, ಒಳಗೆ ಒಣ ಪುಡಿ, ಬರೀ ಗಂಟು. ನಿಮ್ಮಪ್ಪ ಒಂದು ಗಂಟನ್ನು ಬೆರಳಲ್ಲಿ ಹಿಸುಕಿ, ಮೂಸಿ ನೋಡಿದರು.

"ಲೇ, ಇದು ನಮ್ಮ ಅಂಟು ಕಣೇ! ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ತಿನ್ನೋಕೆ ಅಂತ ಚೊಕ್ಕಟ ಮಾಡಿದಾರೆ, ಅಷ್ಟೇ. ಇಷ್ಟು ವರ್ಷ ಪಿಟೀಲಿಗೆ ಹಚ್ಚಿದ್ದನ್ನ ಈಗ ನನಗೇ ಕುಡಿಸ್ತೀಯಾ? ಬಾಯಿ ಅಂಟಿಕೊಂಡ್ರೆ?"

"ಅಂಟಿಕೊಳ್ಳಲಿ ಬಿಡಿ, ಮನೆ ತಣ್ಣಗಿರುತ್ತೆ."

ನಗುತ್ತಲೇ ನನ್ನನ್ನು ಒಲೆಯಿಂದ ಆಚೆ ಸರಿಸಿದರು. ಕೆಟ್ಟದಾಗಿ ಕಲಸಿದ ಅಂಟನ್ನು ಅವರು ಎಲ್ಲಿ ಸಹಿಸುತ್ತಾರೆ? ಆದರೆ ಅಭ್ಯಾಸ ನೋಡು, ಪಿಟೀಲು ಅಂಗಡಿಯ ಅಂಟಿನ ಲೆಕ್ಕದಲ್ಲೇ ಪುಡಿ ಹಾಕಿದರು. ತಿರುಗಿ ನೋಡುವಷ್ಟರಲ್ಲಿ ಲೋಟದಲ್ಲಿ ಚಮಚ ನೆಟ್ಟಗೆ ನಿಂತಿತ್ತು. "ಇದರಲ್ಲಿ ಪಿಯಾನೋ ಕಾಲು ನಿಲ್ಲಿಸಬಹುದು" ಎಂದು ಅವರೇ ನಕ್ಕರು.

ಮಾರನೆಯ ದಿನ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸರಿಯಾಗಿ ಮಾಡಿದರು. ಅಗಲ ಬಟ್ಟಲಿನ ತಣ್ಣೀರಿನ ಮೇಲೆ ಒಂದು ಸಣ್ಣ ಚಮಚ ಪುಡಿಯನ್ನು ತೆಳ್ಳಗೆ ಉದುರಿಸಿದರು. "ಈಗ ಮುಟ್ಟಬೇಡ. ಮೊದಲು ಅದು ಕುಡೀಲಿ, ಆಮೇಲೆ ನಾವು ಕುಡಿಯೋಣ." ನಾವಿಬ್ಬರೂ ಬಗ್ಗಿ ನೋಡುತ್ತ ನಿಂತೆವು. ಮರಳಿನಂಥ ಹರಳುಗಳು ಒಂದೊಂದಾಗಿ ನೀರನ್ನು ಎಳೆದುಕೊಂಡು ಉಬ್ಬಿದವು. ಸ್ವಲ್ಪ ಹೊತ್ತಿಗೆ ಬಟ್ಟಲಲ್ಲಿ ನೀರೇ ಉಳಿಯಲಿಲ್ಲ. ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟರು. "ಕುದಿಸಿದ್ರೆ ಬಲ ಹೋಗುತ್ತೆ." ಅಂಚಿನಿಂದ ಮಬ್ಬು ಕರಗುತ್ತ ಬಂದು, ಬಟ್ಟಲ ತಳದ ನೀಲಿ ಹೂವು ಒಂದೊಂದೇ ಎಸಳಾಗಿ ಕಾಣಿಸಿತು. ಇದು ಒಂದು ಕಾಲಕ್ಕೆ ಓಡಾಡಿದ ಪ್ರಾಣಿಯ ಮೂಳೆ ಎಂದರೆ ಯಾರು ನಂಬುತ್ತಾರೆ? ಮದುವೆಯಾದಾಗಿನಿಂದ ಆ ಅಂಟಿನ ಪಾತ್ರೆ ತೊಳೆದವಳು ನಾನು. ಅದರೊಳಗೆ ಹೀಗೊಂದು ನಡೆಯುತ್ತದೆ ಎಂದು ತಿಳಿದೇ ಇರಲಿಲ್ಲ.

ಕಿತ್ತಳೆ ರಸಕ್ಕೆ ಬೆರೆಸಿ ಬೆಚ್ಚಗಿರುವಾಗಲೇ ಕುಡಿದರು. ತಳದಲ್ಲಿ ಉಳಿದದ್ದು ಕಿಟಕಿಯ ಹತ್ತಿರ ಗಟ್ಟಿಯಾಯಿತು. ಬಟ್ಟಲನ್ನು ಓರೆ ಮಾಡಿದರೆ ಬಿಸಿಲು ಅದರೊಳಗೆ ನಡುಗುತ್ತಿತ್ತು. ಅವರು ಅದನ್ನು ಮತ್ತೆ ಬಿಸಿನೀರಿಗಿಟ್ಟು ಕರಗಿಸಿದರು, ಮತ್ತೆ ಆರಲು ಬಿಟ್ಟರು. ಕೆಲಸಕ್ಕಲ್ಲ, ಸುಮ್ಮನೆ ನೋಡಲು. ಆ ಕಸುಬಿನಲ್ಲೇ ಕೂದಲು ನರೆತ ಮನುಷ್ಯ ಮೊದಲ ಸಲ ಕಂಡವರಂತೆ ಕೂತಿದ್ದರು.

ನೀನು ಅಂಗಡಿ ಬಿಟ್ಟ ದಿನದ ಮಾತು ನಿನಗೆ ನೆನಪಿರುತ್ತದೆ. ಗಿರಾಕಿಯ ಪಿಟೀಲಿನ ಮೇಲ್ಹಲಗೆಯನ್ನು ನೀನು ಟ್ಯೂಬಿನ ಅಂಟಿನಲ್ಲಿ ಕೂರಿಸಿದ್ದೆ. "ಮುಂದೆ ರಿಪೇರಿಗೆ ಬಿಚ್ಚೋಕಾಗದ ಹಾಗೆ ಅಂಟಿಸಿದವಳು ನನ್ನ ಮೇಜಿನ ಹತ್ರ ಬರಬೇಡ" ಎಂದರು. ನೀನು ಬರಲಿಲ್ಲ. ಅವರೂ ಕರೆಯಲಿಲ್ಲ. ಆಮೇಲೆ ನಿನ್ನ ಮಾತೇ ಅವರ ಬಾಯಲ್ಲಿ ಬಂದಿರಲಿಲ್ಲ.

ಆವತ್ತು ಬಟ್ಟಲು ನೋಡುತ್ತಲೇ ಅಂದರು: "ಎಷ್ಟು ಸಲ ಬೇಕಾದ್ರೂ ಕರಗುತ್ತೆ, ಎಷ್ಟು ಸಲ ಬೇಕಾದ್ರೂ ಹಿಡಿಯುತ್ತೆ. ಅವಳು ಬೇರೆ ಏನೂ ಕಳಿಸಲಿಲ್ಲ ನೋಡೇ. ಇದನ್ನೇ ಕಳಿಸಿದಾಳೆ."

ಬೆರಳುಗಳಲ್ಲಿ ಅಂಥ ಬದಲಾವಣೆಯೇನಿಲ್ಲ. ಆದರೂ ದಿನಾ ಬೆಳಗ್ಗೆ ಅವರೇ ಬಟ್ಟಲು ತೆಗೆಯುತ್ತಾರೆ. ಅಂಗಡಿಯಲ್ಲಿ ನೀನು ಕೂರುತ್ತಿದ್ದ ಸ್ಟೂಲಿನ ಮೇಲಿದ್ದ ತಂತಿಯ ಸುರುಳಿಗಳನ್ನು ಎತ್ತಿ ಬೇರೆ ಕಡೆ ಇಟ್ಟಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹಿಡಿದ ಕೆಲಸವೆಲ್ಲ ಚೆನ್ನಾಗಿ ಕೂಡಿಬರಲಿ, ಮಗಳೇ.

ನಿನ್ನ
ಅಮ್ಮ

ತಾ.ಕ.: ಡಬ್ಬಿಯ ಮೇಲೆ ನೀನು ಅಂಟಿಸಿದ್ದ ಚೀಟಿಯನ್ನು, "ಅಮ್ಮನ ಮಂಡಿಗೆ ಮಾತ್ರ" ಎಂದು ಬರೆದಿದ್ದೆಯಲ್ಲ, ಅವರು ನೋಡುವ ಮೊದಲೇ ನೆನೆಸಿ ಕಿತ್ತುಬಿಟ್ಟೆ. ಯಾರಿಗೆ ಕಳಿಸಿದ್ದು ಎಂದು ಕೇಳಿದಾಗ "ನಿಮಗೇ" ಎಂದೆ. ಡಬ್ಬಿಯ ತಳ ಕಾಣಿಸುತ್ತಿದೆ. ಮುಂದಿನದರ ಮೇಲೆ ಏನು ಬರೆಯುತ್ತೀಯೋ, ನಾನು ಕೀಳುವುದಿಲ್ಲ.