ಏರೋಪ್ಲೇನ್ ಚಿಟ್ಟೆ, ನಲವತ್ತು ಪ್ರತಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನಗೂ, ನಿನ್ನ ಮೂಲಕ ಸಕಲ ಬಂಧುಬಳಗಕ್ಕೂ, ಪುರುಸೊತ್ತಿದ್ದರೆ ಇಡೀ ಲೋಕಕ್ಕೂ ಸಾರುವುದೇನೆಂದರೆ: ನಿನ್ನ ತಂಗಿಯ ಹತ್ತೂ ಉಗುರುಗಳು ಶಾಯಿ ಬಿಟ್ಟು ಬೆಳ್ಳಗಾಗಿವೆ! ಪ್ರದರ್ಶನಕ್ಕೆ ಬಂದವರ ಕೈ ಕುಲುಕಬೇಕಿತ್ತಲ್ಲ. ಹೋದ ಸಲ ಕುಲುಕಿದವರೆಲ್ಲ ನನ್ನ ಒಂದೊಂದು ಮುದ್ರಣವನ್ನು ಅಂಗೈಯಲ್ಲೇ ಪುಕ್ಕಟೆ ಹೊತ್ತೊಯ್ದಿದ್ದರು.

ತಮಾಷೆ ಇಲ್ಲಿಗೆ ಸಾಕು.

ನಿನ್ನೆ ನನ್ನ ಮುದ್ರಣಚಿತ್ರಗಳ ಪ್ರದರ್ಶನ ಶುರುವಾಯಿತು. ಹೆಸರು ‘ಉಳಿಸಿಕೊಳ್ಳೋಣ’. ನಟ್ಟನಡುವಿನ ಗೋಡೆಯಲ್ಲಿ ನಮ್ಮ ಮನೆ ಹಿಂದಿನ ಕೊಳದ ಏರೋಪ್ಲೇನ್ ಚಿಟ್ಟೆ. ರೆಕ್ಕೆಯ ಒಂದೊಂದು ನರವನ್ನೂ ಆ ರಬ್ಬರಿನಂಥ ಲಿನೋ ಹಾಳೆಯಲ್ಲಿ ಕೊರೆದು, ಶಾಯಿ ಸವರಿ, ನಲವತ್ತು ಪ್ರತಿ ಒತ್ತಿ ತೆಗೆದಿದ್ದೆ. ಒಂದು ಶಾಲೆಯ ಮಕ್ಕಳು ಬಂದರು. ಹಲ್ಲು ಬಿದ್ದ ಹುಡುಗಿಯೊಬ್ಬಳು ತುಂಬಾ ಹೊತ್ತು ನೋಡಿ, “ಆಂಟಿ, ಡ್ರೋನ್ ಸೂಪರ್! ರಿಮೋಟ್ ಯಾಕೆ ಬರೆದಿಲ್ಲ?” ಅಂದಳು. ನಾನು ಹೊಟ್ಟೆ ಹಿಡಿದು ನಕ್ಕು ಅವರ ಟೀಚರ್ ಕಡೆ ನೋಡಿದೆ. ಆ ಹೆಣ್ಣುಮಗಳು ನಗಲಿಲ್ಲ. “ನಿಮ್ಮ ಕಲ್ಪನೆ ಅದ್ಭುತ ಮೇಡಂ. ಇಂಥ ಹುಳ ನಿಜವಾಗ್ಲೂ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ?”

ಮೈಯೆಲ್ಲ ಉರಿಯಿತು. “ಬನ್ರೀ, ಎರಡೇ ಬೀದಿ, ಕಣ್ಣಾರೆ ತೋರಿಸ್ತೀನಿ” ಎಂದು ಇಡೀ ತರಗತಿಯನ್ನು ಸಾಲಾಗಿ ಹೊರಡಿಸಿದೆ. ಮುಂದೆ ಸೇನಾಧಿಪತಿಯ ಹಾಗೆ ನಾನು. ಮನೆಯ ಹಿಂದಿನ ತಿರುವು ದಾಟಿದೆವು.

ಕೊಳ ಇರಲಿಲ್ಲ ಅಕ್ಕ.

ಸಪಾಟು ಮಣ್ಣು. ಅದರ ಮೇಲೊಂದು ರೋಲರ್. ಅದರ ನೆರಳಲ್ಲಿ ಕೂತಿದ್ದ ಚಾಲಕನನ್ನು ಕೊಳ ಎಲ್ಲಿ ಎಂದು ಕೇಳಿದೆ.

“ಮುಚ್ಚಿ ತಿಂಗಳಾಯ್ತಲ್ಲ ತಾಯಿ. ಬೇಕಾದ್ರೆ ಆ ಮನೆಯವ್ರನ್ನ ಕೇಳಿ. ಮಣ್ಣಿನ ಲಾರಿ ಬಂದಾಗೆಲ್ಲ ಧಡಾರಂತ ಕಿಟಕಿ ಹಾಕ್ಕೊಳ್ತಿದ್ರು.”

ಅವನು ತೋರಿಸಿದ್ದು ನನ್ನ ಕಿಟಕಿ. ಒದ್ದೆ ಶಾಯಿಗೆ ಧೂಳು ಕೂರುತ್ತದೆಂದು ಹಾಕಿಕೊಳ್ಳುತ್ತಿದ್ದೆ. ಹಾಕಿಕೊಂಡು ಒಳಗೆ ಕೂತು, ಕೊಳ ಉಳಿಸಿ ಎಂದು ಜನಕ್ಕೆ ಹೇಳಲು ಚಿಟ್ಟೆಯ ರೆಕ್ಕೆ ಕೊರೆಯುತ್ತಿದ್ದೆ. ಹಲ್ಲು ಬಿದ್ದವಳೇ ನನ್ನ ಸೆರಗು ಜಗ್ಗಿ ಸಮಾಧಾನ ಮಾಡಿದಳು: “ಹೋಗ್ಲಿ ಬಿಡಿ ಆಂಟಿ, ಬೇರೆ ಏನಾದ್ರೂ ಕಲ್ಪನೆ ಮಾಡಿ.”

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ನರ್ಸರಿಯ ನೈದಿಲೆ ತೊಟ್ಟಿಯಲ್ಲಿ ಆರು ಕಾಲಿನ, ಗುಡ್ಡೆಗಣ್ಣಿನ ಅಸಹ್ಯ ಹುಳಗಳು ತುಂಬಿವೆ, ಸೋಮವಾರ ಬ್ಲೀಚಿಂಗ್ ಪುಡಿ ಸುರಿದು ಎಲ್ಲವನ್ನೂ ಮುಗಿಸುತ್ತೇನೆ ಎಂದಿದ್ದೆಯಲ್ಲ, ಸುರಿಯಬೇಡ! ಆ ಕುರೂಪಿಗಳೇ ಏರೋಪ್ಲೇನ್ ಚಿಟ್ಟೆಯ ಮರಿಗಳು. ಹೋದ ವರ್ಷ ನೀನು ಈ ಕೊಳದಿಂದ ನೈದಿಲೆ ಗಿಡ ಕಿತ್ತೊಯ್ದಾಗ ಅದರ ಜೊತೆ ಮೊಟ್ಟೆಗಳು ಬಂದಿರಬೇಕು. ಚಿಕ್ಕಂದಿನಲ್ಲಿ ನಾನೂ ಅದೇ ರೂಪದಲ್ಲಿದ್ದೆ ಎಂದು ನೀನೇ ಆಡಿಕೊಳ್ಳುತ್ತೀಯ. ನನ್ನನ್ನು ಸಾಕಿದೆ, ಅವನ್ನೂ ಸಾಕು.

ಫೋನಿನಲ್ಲಿ ಹೇಳಿದರೆ ನೀನು ನಕ್ಕು ಇಟ್ಟುಬಿಡುತ್ತೀಯ. ಪ್ರದರ್ಶನಕ್ಕೆ ಬಂದಿದ್ದ ಭಾವ ಈಗಲೇ ನಿಮ್ಮಲ್ಲಿಗೆ ವಾಪಸ್ ಬಸ್ಸು ಹತ್ತುತ್ತಿದ್ದಾರೆ, ಅವರ ಜೇಬಿಗೆ ಇದನ್ನು ತುರುಕುತ್ತಿದ್ದೇನೆ.

ಇಂತಿ,
ಇನ್ನೂ ಚೇತರಿಸಿಕೊಳ್ಳದ
ನಿನ್ನ ತಂಗಿ

ಮರೆತಿದ್ದು: ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿಬಿಟ್ಟೆ. ನಮ್ಮಕ್ಕನ ಮನೆಯಲ್ಲಿ ನಿಜವಾದದ್ದೇ ಇದೆ, ತೋರಿಸುತ್ತೇನೆ ಎಂದು ಆ ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ರೆಕ್ಕೆ ಬಿಚ್ಚುವ ಹೊತ್ತಿಗೆ ಆ ಹುಳಗಳು ನೀರಿನಿಂದ ಮೇಲಕ್ಕೆ ಹತ್ತಬೇಕು, ಹಿಡಿಯಲು ಏನೂ ಇಲ್ಲದಿದ್ದರೆ ಅಲ್ಲೇ ಮುಳುಗಿಹೋಗುತ್ತವೆ. ತೊಟ್ಟಿಯಲ್ಲಿ ನಾಲ್ಕು ಕಡ್ಡಿ ನೆಟ್ಟಗೆ ನಿಲ್ಲಿಸಿಡು. ಪೊರಕೆ ಕಡ್ಡಿಯಾದರೂ ಸರಿ.